ಹುಟ್ಟದ ಬೀಜವನ್ನು ಅಗೆದು ನೋಡಿ

ಹೂಗಿಡಗಳನ್ನು ಬೀಜದಿಂದಲೇ ಬೆಳೆಸಬೇಕೆಂದು ಹೊರಟವರ ಬಾಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು: "ಬೀಜ ಹುಟ್ಟಲೇ ಇಲ್ಲ." ಹದಿನೈದು ದಿನ ಕಾಯುತ್ತಾರೆ, ಟ್ರೇಯಲ್ಲಿದ್ದದ್ದನ್ನು ಯಾವುದೋ ಕುಂಡಕ್ಕೆ ಸುರಿಯುತ್ತಾರೆ, ಪೊಟ್ಟಣ ಮಾರಿದವರನ್ನು ಬೈದುಕೊಳ್ಳುತ್ತಾರೆ, ಇನ್ನು ಮೇಲೆ ಹೂ ಬಿಟ್ಟ ಗಿಡವನ್ನೇ ತಂದರಾಯಿತು ಎಂದು ಸುಮ್ಮನಾಗುತ್ತಾರೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೀಜದ್ದೇ ತಪ್ಪಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಮೂರು ಬೇರೆ ಬೇರೆ ಸೋಲುಗಳನ್ನು ನಾವು ಈ ಒಂದೇ ಮಾತಿನಲ್ಲಿ ಹೂತುಬಿಡುತ್ತೇವೆ. ಕೆಲವು ಬೀಜಗಳು ಏಳಲೇ ಇಲ್ಲ. ಕೆಲವು ಎದ್ದವು, ಮಣ್ಣಿನಿಂದ ಹೊರಗೆ ಬರುವ ಮೊದಲೇ ಸತ್ತವು. ಇನ್ನು ಕೆಲವು ಹೊರಗೂ ಬಂದವು, ಯಾರೂ ನೋಡುವ ಮೊದಲೇ ಬುಡ ಕಳಚಿ ಬಿದ್ದು ಒಣಗಿ ಮಾಯವಾದವು. ಮೂರಕ್ಕೂ ಮದ್ದು ಬೇರೆ. ಒಂದರ ಮದ್ದು ಇನ್ನೊಂದಕ್ಕೆ ವಿಷವಾಗುವುದೂ ಉಂಟು: ಏಳದ ಬೀಜಕ್ಕೆಂದು ಹೆಚ್ಚು ನೀರು ಹಾಕಿದರೆ, ಎದ್ದ ಬೀಜ ಕೊಳೆಯುತ್ತದೆ.

ಆದ್ದರಿಂದ ಟ್ರೇ ಖಾಲಿ ಮಾಡುವ ಮೊದಲು ಹತ್ತು ನಿಮಿಷ ಕೂತು ಅಗೆಯಬೇಕು. ಬಿಳಿ ಕಾಗದ, ಒಂದು ಗುಂಡುಸೂಜಿ, ಸಿಕ್ಕಿದರೆ ಒಂದು ಭೂತಗನ್ನಡಿ ಸಾಕು. ಜಿನ್ನಿಯಾ, ಚೆಂಡುಹೂ, ಕಾಸ್ಮಾಸ್‌ನಂಥ ಕಣ್ಣಿಗೆ ಕಾಣುವ ಬೀಜವಾದರೆ ಕೆಲಸ ಸುಲಭ. ಟ್ರೇಯ ಕುಳಿಯೊಂದರ ಮಣ್ಣನ್ನು ಕಾಗದದ ಮೇಲೆ ಕೊಡವಿ, ಸೂಜಿಯಿಂದ ಹರಡುತ್ತಾ ಹೋದರೆ ಬೀಜ ಸಿಗುತ್ತದೆ. ಬಿತ್ತಿದಾಗ ಇದ್ದಷ್ಟೇ ಗಟ್ಟಿಯಾಗಿ, ಒಣಗಿ ಕೂತಿದ್ದರೆ ನೀರು ಒಳಗೆ ಹೋಗಿಲ್ಲ: ಒಂದೋ ಸಿಪ್ಪೆ ಬಿಟ್ಟುಕೊಟ್ಟಿಲ್ಲ, ಇಲ್ಲವೇ ಮೇಲಿನ ಪದರ ತೇವವಾದಂತೆ ಕಂಡರೂ ಬೀಜದ ಸುತ್ತ ಒಣಗಿತ್ತು. ಉಬ್ಬಿದೆ, ಒತ್ತಿದರೆ ಗಟ್ಟಿಯಾಗಿದೆ, ಸೀಳಿದರೆ ಒಳಗೆ ಬೆಳ್ಳಗಿದೆ ಎಂದರೆ ಅದು ಬದುಕಿದೆ, ಕಾಯುತ್ತಿದೆ. ಬಿಸಿಯೋ ತಂಪೋ ಬೆಳಕೋ ಏನೋ ಒಂದು ಅದಕ್ಕೆ ಸರಿಬಂದಿಲ್ಲ. ಒತ್ತಿದ ಕೂಡಲೇ ಗಂಜಿಯಂತೆ ಹೊರಬಂದರೆ ಬೀಜ ಮೊದಲೇ ಸತ್ತಿತ್ತು, ಇಲ್ಲವೇ ನೀರಿನಲ್ಲಿ ಉಸಿರುಗಟ್ಟಿತು. ಬಿಳಿ ಬೇರು ಅರ್ಧ ಅಂಗುಲ ಬಂದು ತುದಿ ಕಂದಾಗಿದ್ದರೆ ಮೊಳೆತ ಮೇಲೆ ಒಂದು ಮಧ್ಯಾಹ್ನ ಒಣಗಿದೆ, ಇಲ್ಲವೇ ಮಿಶ್ರಣದಲ್ಲಿ ಉಪ್ಪು ಉಳಿದಿದೆ. ಕಾಂಡ ಸುರುಳಿ ಸುತ್ತಿಕೊಂಡು ಮಣ್ಣಿನೊಳಗೇ ಹಳದಿಯಾಗಿದ್ದರೆ ಆಳ ಹೆಚ್ಚಾಯಿತು. ಬರೀ ಹೊಟ್ಟು ಸಿಕ್ಕಿದರೂ ಅಚ್ಚರಿಪಡಬೇಡಿ. ಮನೆಯಲ್ಲೇ ಒಣಹೂ ಉಜ್ಜಿ ತೆಗೆದ ಚೆಂಡುಹೂ, ಜಿನ್ನಿಯಾ ಬೀಜಗಳಲ್ಲಿ ಜೊಳ್ಳು ಬಹಳ. ಕಾಳಿದ್ದದ್ದು ಬೆರಳಿಗೆ ಸ್ವಲ್ಪ ದಪ್ಪ ತಾಗುತ್ತದೆ, ಜೊಳ್ಳು ಮಡಚಿಕೊಳ್ಳುತ್ತದೆ.

ಮುಂದೆ ಬರೆಯುವುದೆಲ್ಲ ಈ ಕಾಗದದ ಮೇಲೆ ಸಿಗುವ ಪುರಾವೆಗಳ ವಿವರಣೆಯೇ.

ಬೆಳಕು ಬೇಡುವವು, ಕತ್ತಲು ಬೇಡುವವು

ಬೀಜ ಎಂದರೆ ಮಣ್ಣೊಳಗೆ ಹೂಳಬೇಕು ಎಂಬ ನಂಬಿಕೆ ಹುರುಳಿ, ಅವರೆ ಬಿತ್ತಿದ ಕೈಗಳಿಂದ ಬಂದದ್ದು. ಹೂಗಿಡಗಳಲ್ಲಿ ಅದು ಅರ್ಧ ನಿಜ. ಪೆಟೂನಿಯಾ ಬೀಜ ಒಂದು ಗ್ರಾಮಿಗೆ ಸುಮಾರು 10,000 ಬರುತ್ತದೆ. ಬಿಗೋನಿಯಾ ಇನ್ನೂ ಸಣ್ಣದು, ಗ್ರಾಮಿಗೆ 70,000ದ ಆಸುಪಾಸು. ಅಂಗೈಯಲ್ಲಿ ಹಾಕಿಕೊಂಡರೆ ಕಾಫಿಪುಡಿಯ ಧೂಳಿನಂತೆ ಗೆರೆಗಳಲ್ಲಿ ಕೂತುಬಿಡುತ್ತದೆ. ಇನ್ನೊಂದು ತುದಿಯಲ್ಲಿ ನ್ಯಾಸ್ಟರ್ಶಿಯಂ: ಏಳೆಂಟು ಬೀಜಕ್ಕೇ ಒಂದು ಗ್ರಾಂ ತೂಗುತ್ತದೆ. ಈ ತೂಕವೆಂದರೆ ಬೀಜ ಕಟ್ಟಿಕೊಂಡು ಬಂದ ಬುತ್ತಿ. ನ್ಯಾಸ್ಟರ್ಶಿಯಂಗೆ ಕತ್ತಲಲ್ಲಿ ಒಂದೆರಡು ಸೆಂಟಿಮೀಟರ್ ಏರಿ ಬರುವಷ್ಟು ಬುತ್ತಿಯಿದೆ. ಬಿಗೋನಿಯಾಕ್ಕೆ ಒಂದು ಮಿಲಿಮೀಟರ್ ಏರುವಷ್ಟೂ ಇಲ್ಲ. ಹೊರಗೆ ಬಂದ ಗಳಿಗೆಯಿಂದಲೇ ಅದು ಬೆಳಕು ತಿಂದು ಬದುಕಬೇಕು. ಹಾಗಾಗಿ ಬೆಳಕು ಕಾಣುವವರೆಗೆ ಏಳದಿರುವುದೇ ಅದರ ಜಾಣತನ.

ಬೆಳಕನ್ನು ಬೀಜ ಅರಿಯುವುದು ಫೈಟೋಕ್ರೋಮ್ ಎಂಬ ವರ್ಣದ್ರವ್ಯದಿಂದ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧಕರು ಲೆಟಿಸ್ ಬೀಜಗಳ ಮೇಲೆ ನಡೆಸಿದ ಪ್ರಯೋಗದಿಂದ ಇದು ತಿಳಿಯುತ್ತಾ ಬಂತು: 660 ನ್ಯಾನೋಮೀಟರ್ ಸುತ್ತಲಿನ ಕೆಂಪು ಬೆಳಕು ಬಿದ್ದರೆ ಬೀಜ ಏಳುತ್ತದೆ, 730ರ ಸುತ್ತಲಿನ ಕಡುಗೆಂಪು ಬೆಳಕು ಬಿದ್ದರೆ ಮತ್ತೆ ಮಲಗುತ್ತದೆ. ಎಷ್ಟು ಸಲ ಬದಲಿಸಿದರೂ ಕೊನೆಗೆ ಬಿದ್ದ ಬೆಳಕಿನದೇ ಕೊನೆಯ ಮಾತು. ಎಲೆಗಳ ಕೆಳಗೆ ಸೋಸಿ ಬರುವ ಬೆಳಕಿನಲ್ಲಿ ಕೆಂಪು ಕಡಿಮೆ, ಕಡುಗೆಂಪು ಹೆಚ್ಚು. ತನ್ನ ತಲೆಯ ಮೇಲೆ ದೊಡ್ಡ ಗಿಡ ನಿಂತಿದೆ ಎಂದು ಧೂಳಿನ ಕಣದಂಥ ಬೀಜಕ್ಕೆ ಗೊತ್ತಾಗುವುದು ಹೀಗೆ. ಇಷ್ಟು ತಿಳಿದ ಮೇಲೆ ಪೆಟೂನಿಯಾ ಟ್ರೇಯನ್ನು ದೊಡ್ಡ ಗಿಡದ ನೆರಳಿಗೆ ಇಡಲು ಮನಸ್ಸು ಬರುವುದಿಲ್ಲ.

ಪೆಟೂನಿಯಾ, ಬಿಗೋನಿಯಾ, ಸ್ನ್ಯಾಪ್‌ಡ್ರ್ಯಾಗನ್, ಲೊಬೀಲಿಯಾ, ಅಜೆರೇಟಂ, ಟೇಬಲ್ ರೋಸ್ ಇವನ್ನು ಮುಚ್ಚಬಾರದು. ಕ್ಯಾಲೆಂಡುಲಾ, ಲಾರ್ಕ್‌ಸ್ಪರ್, ಫ್ಲಾಕ್ಸ್, ವರ್ಬಿನಾ, ಪ್ಯಾನ್ಸಿ, ಕಾಶಿಕಣಗಿಲೆ ಇವು ಕತ್ತಲಲ್ಲಿ ಚೆನ್ನಾಗಿ ಏಳುತ್ತವೆ. ಬೀಜದ ದಪ್ಪದ ಎರಡು ಮೂರು ಪಟ್ಟು ಮುಚ್ಚಿ, ಮೇಲೆ ಕಪ್ಪು ಪ್ಲಾಸ್ಟಿಕ್ ಹೊದಿಸಿದರೆ ಒಳ್ಳೆಯದು. ಹೊದಿಸಿದ ಮೇಲೆ ಮರೆಯುವುದೇ ಇಲ್ಲಿನ ದೊಡ್ಡ ತಪ್ಪು. ಮೂರನೇ ದಿನದಿಂದ ಬೆಳಗ್ಗೆ ಸಂಜೆ ಎತ್ತಿ ನೋಡಬೇಕು. ಮೊದಲ ಬಿಳಿ ಕೊಂಡಿ ಮಣ್ಣೆತ್ತಿದ ದಿನವೇ ಹೊದಿಕೆ ತೆಗೆಯಬೇಕು. ಇನ್ನೊಂದು ದಿನ ಇರಲಿ ಎಂದು ಬಿಟ್ಟರೆ ಸಸಿಗಳು ದಾರದಂತೆ ಎಳೆದುಕೊಂಡು ಬಿಡುತ್ತವೆ. ಜಿನ್ನಿಯಾ, ಚೆಂಡುಹೂ, ಕಾಸ್ಮಾಸ್, ಕರ್ಣಕುಂಡಲಗಳಿಗೆ ಬೆಳಕು ಕತ್ತಲೆಯ ಹಟ ಹೆಚ್ಚಿಲ್ಲ. ತೇವ ಉಳಿಯಲೆಂದು ಅರ್ಧ ಸೆಂಟಿಮೀಟರ್ ಮುಚ್ಚಿದರೆ ಸಾಕು.

ಧೂಳಿನಂಥ ಸಣ್ಣ ಬೀಜ ಬಿತ್ತುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬಹಳ ಮಂದಿ ಪೆಟೂನಿಯಾವನ್ನು ಕೈಬಿಡುವುದು ಇಲ್ಲೇ. ಟ್ರೇಯ ಮಿಶ್ರಣವನ್ನು ಮೊದಲೇ ಪೂರ್ತಿ ನೆನೆಸಿ, ಹಲಗೆಯಿಂದ ಮೆಲ್ಲಗೆ ಒತ್ತಿ ಸಮತಟ್ಟು ಮಾಡಬೇಕು. ಮೇಲೆ ಸಣ್ಣ ಜರಡಿಯಲ್ಲಿ ಸೋಸಿದ ವರ್ಮಿಕ್ಯುಲೈಟನ್ನು, ಎಂದರೆ ಕಾಯಿಸಿ ಅರಳಿಸಿದ ಖನಿಜದ ಹಗುರ ಚೂರನ್ನು, ಒಂದು ಪದರ ಉದುರಿಸಿದರೆ ಬೀಜಕ್ಕೆ ಕೂರಲು ಸಂದುಗಳು ಸಿಗುತ್ತವೆ, ಮೇಲ್ಮೈ ಪಾಚಿ ಹಿಡಿಯುವುದೂ ಕಡಿಮೆ. ಬೀಜವನ್ನು ಒಣಗಿದ ಸಣ್ಣ ಮರಳಿನೊಂದಿಗೆ ಬೆರೆಸಿ. ಒಂದು ಚಿಟಿಕೆ ಬೀಜಕ್ಕೆ ಒಂದು ಚಮಚ ಮರಳು. ದಪ್ಪ ಕಾಗದವನ್ನು ನಡುವೆ ಮಡಚಿ, ಆ ಮಡಿಕೆಯಲ್ಲಿ ಮಿಶ್ರಣ ಹಾಕಿ, ತುದಿಯನ್ನು ಟ್ರೇಯ ಮೇಲೆ ಹಿಡಿದು ಕಾಗದದ ಬೆನ್ನಿಗೆ ಬೆರಳಿನಿಂದ ತಟ್ಟುತ್ತಾ ಸಾಗಿ. ಮರಳು ಬಿದ್ದ ಕಡೆ ಬಣ್ಣ ತಿಳಿಯಾಗುವುದರಿಂದ ಎಲ್ಲಿ ಬಿತ್ತಿದೆ, ಎಲ್ಲಿ ಬಿಟ್ಟಿದೆ ಎಂದು ಕಣ್ಣಿಗೆ ಕಾಣುತ್ತದೆ. ಮೊದಲು ಉದ್ದಕ್ಕೆ ಒಂದು ಸುತ್ತು, ಉಳಿದರ್ಧವನ್ನು ಅಡ್ಡಕ್ಕೆ ಒಂದು ಸುತ್ತು. ಬಿತ್ತಿದ ಮೇಲೆ ಮೇಲಿನಿಂದ ನೀರು ಸುರಿಯಬಾರದು. ಕೊಡದಂಚಿನಿಂದ ಬಿದ್ದ ಒಂದು ತೊಟ್ಟು ಸಾಕು, ಇಪ್ಪತ್ತು ಬೀಜ ಒಂದೇ ಗುಳಿಗೆ ಸೇರಿ ಅಲ್ಲೇ ಹೂತುಹೋಗುತ್ತವೆ. ಟ್ರೇಯನ್ನು ಎರಡು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿಟ್ಟು, ಮೇಲ್ಮೈ ಕಪ್ಪಾಗುತ್ತಾ ಬಂದಾಗ ಎತ್ತಿ ಬಸಿಯಲು ಬಿಡಬೇಕು. ಮೇಲೆ ಗಾಜು ಅಥವಾ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ, ಬೆಳಕಿರುವ ಆದರೆ ನೇರ ಬಿಸಿಲು ಬೀಳದ ಕಡೆ ಇಡಿ. ಗಾಜು ಮುಚ್ಚಿದ ಟ್ರೇಯನ್ನು ಅರ್ಧ ಗಂಟೆ ಬಿಸಿಲಿಗೆ ಇಟ್ಟರೂ ಒಳಗಿರುವುದು ಬೆಂದುಹೋಗುತ್ತದೆ.

ಪೆಟೂನಿಯಾ ಈಗ ಹೆಚ್ಚಾಗಿ ಬರುವುದು ಜೇಡಿಯ ಲೇಪ ಕೊಟ್ಟ ಗುಳಿಗೆಯಾಗಿ. ಇದನ್ನು ಹಲ್ಲುಕಡ್ಡಿಯ ತೇವದ ತುದಿಯಿಂದ ಒಂದೊಂದಾಗಿ ಇಡಬಹುದು. ಆದರೆ ಗುಳಿಗೆ ಮೊದಲ ದಿನವೇ ಪೂರ್ತಿ ನೆನೆದು ಬಿರಿಯಬೇಕು. ಅರ್ಧ ನೆನೆದು ಒಣಗಿದರೆ ಲೇಪ ಗಟ್ಟಿಯಾಗಿ ಮೊಳಕೆಗೆ ಗೋಡೆಯಾಗಿಬಿಡುತ್ತದೆ. ಇಟ್ಟ ಕೂಡಲೇ ಮಂಜಿನಂತೆ ಸಿಂಪಡಿಸಿ, ಲೇಪ ಕರಗಿ ಹರಡಿದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಮುಚ್ಚಬೇಕು.

ಬಿಸಿ, ತಂಪು, ಗಟ್ಟಿ ಸಿಪ್ಪೆ

ಉಬ್ಬಿಯೂ ಏಳದ ಬೀಜದ ಮುಂದಿನ ಅನುಮಾನ ಉಷ್ಣತೆ. ಜಿನ್ನಿಯಾ, ಚೆಂಡುಹೂ 21ರಿಂದ 27 ಡಿಗ್ರಿಯಲ್ಲಿ ನಾಲ್ಕರಿಂದ ಏಳು ದಿನಕ್ಕೆ ಏಳುತ್ತವೆ. ಪೆಟೂನಿಯಾ 21–24ರಲ್ಲಿ ಏಳರಿಂದ ಹತ್ತು ದಿನ. ಕಾಶಿಕಣಗಿಲೆಗೆ 24ಕ್ಕಿಂತ ಕಡಿಮೆಯಾದರೆ ಸೋಮಾರಿತನ ಬರುತ್ತದೆ. ಪ್ಯಾನ್ಸಿಗೆ 18–20 ಬೇಕು. 25 ದಾಟಿದರೆ ಹುಟ್ಟುವ ಸಂಖ್ಯೆ ಕುಸಿಯುತ್ತದೆ. ಲಾರ್ಕ್‌ಸ್ಪರ್ 15ಕ್ಕಿಂತ ಕೆಳಗಿದ್ದರೆ ಮಾತ್ರ ಮನಸ್ಸು ಮಾಡುತ್ತದೆ. ಬೆಚ್ಚಗಿದ್ದಷ್ಟೂ ಬೇಗ ಎಂಬುದು ಎಲ್ಲದಕ್ಕೂ ಹೊಂದುವುದಿಲ್ಲ ಎನ್ನುವುದು ಇಲ್ಲಿ ಮುಖ್ಯ. ತಂಪು ಬಯಸುವ ಬೀಜ ಬಿಸಿಯಲ್ಲಿ ನೆನೆದರೆ ಏಳದಿರುವುದಷ್ಟೇ ಅಲ್ಲ, ಕೆಲವು ಸಲ ಗಾಢ ನಿದ್ದೆಗೆ ಜಾರಿ ಆಮೇಲೆ ತಂಪು ಕೊಟ್ಟರೂ ತಡ ಮಾಡುತ್ತದೆ. ಲಾರ್ಕ್‌ಸ್ಪರ್ ಬೀಜವನ್ನು ಒದ್ದೆ ಮರಳಿನೊಂದಿಗೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಎರಡು ವಾರ ಇಟ್ಟು ಬಿತ್ತುವುದು ಬಿಸಿ ಹವೆಯವರಿಗೆ ಇರುವ ಒಳ್ಳೆಯ ದಾರಿ. ಇನ್ನೊಂದು ಮಾತು: ಒದ್ದೆ ಮಿಶ್ರಣ ಆವಿಯಾಗುತ್ತಾ ತಣ್ಣಗಾಗುವುದರಿಂದ ಮುಚ್ಚದ ಟ್ರೇಯ ಒಳಗಿನ ಉಷ್ಣತೆ ಕೋಣೆಯ ಗಾಳಿಗಿಂತ ಕೆಲವು ಡಿಗ್ರಿ ಕೆಳಗಿರುತ್ತದೆ. ಗೋಡೆಯ ಥರ್ಮಾಮೀಟರ್ ನೋಡಿ ನಂಬಬೇಡಿ, ಕಡ್ಡಿ ಥರ್ಮಾಮೀಟರನ್ನು ಮಿಶ್ರಣದೊಳಗೇ ಚುಚ್ಚಿ ನೋಡಿ.

ಒಣಗಿ ಗಟ್ಟಿಯಾಗಿಯೇ ಸಿಕ್ಕ ಬೀಜ ಸ್ವೀಟ್ ಪೀ, ಮಾರ್ನಿಂಗ್ ಗ್ಲೋರಿ, ಶಂಖಪುಷ್ಪ ಅಥವಾ ಕಾನಾ ಆಗಿದ್ದರೆ ಸಿಪ್ಪೆಯದೇ ಕಾರಣ. ಉಗುರು ಉಜ್ಜುವ ಅರದಿಂದ, ಬೀಜ ಕಾಯಿಗೆ ಅಂಟಿದ್ದ ಮಚ್ಚೆಯ ಎದುರು ಬದಿಯಲ್ಲಿ, ಒಳಗಿನ ತಿಳಿ ಬಣ್ಣ ಕಾಣುವವರೆಗೆ ಮಾತ್ರ ಉಜ್ಜಬೇಕು. ಮಚ್ಚೆಯ ಹತ್ತಿರ ಭ್ರೂಣವಿರುತ್ತದೆ, ಅಲ್ಲಿ ಅರ ತಾಗಬಾರದು. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ. ಕಾನಾ ಬೀಜ ಗುಂಡಿನಷ್ಟು ಗಟ್ಟಿ, ಅದಕ್ಕೆ ಉಕ್ಕಿನ ಅರವೇ ಬೇಕು, ನೆನೆಯಲು ಪೂರ್ತಿ ಒಂದು ದಿನ ಬೇಕು. ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದೆ ಉಳಿದದ್ದನ್ನು ಇನ್ನೊಂದು ಸಲ ಉಜ್ಜಿ. ಉಬ್ಬಿದ ಬೀಜವನ್ನು ಎರಡನೇ ದಿನವೂ ನೀರಿನಲ್ಲೇ ಬಿಟ್ಟರೆ ಉಸಿರುಗಟ್ಟಿ ಸಾಯುತ್ತದೆ.

ಯಾವುದರಲ್ಲಿ ಬಿತ್ತುವುದು

ತೋಟದ ಮಣ್ಣು ಬೇಡ. ಕುಳಿಯಷ್ಟು ಚಿಕ್ಕ ಜಾಗದಲ್ಲಿ ಅದು ಗಟ್ಟಿಯಾಗುತ್ತದೆ, ಗಾಳಿ ಆಡುವುದಿಲ್ಲ, ರೋಗವನ್ನೂ ಕಳೆಯ ಬೀಜವನ್ನೂ ಜೊತೆಗೆ ತರುತ್ತದೆ. ಮೂರು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ವರ್ಮಿಕ್ಯುಲೈಟ್, ಒಂದು ಪಾಲು ಪರ್ಲೈಟ್ (ಕಾಯಿಸಿ ಅರಳಿಸಿದ ಬಿಳಿ ಹಗುರ ಕಲ್ಲಿನ ಚೂರು) ಎಲ್ಲಕ್ಕೂ ಹೊಂದುವ ಮಿಶ್ರಣ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ ಹಾಗೆಯೇ ಬಳಸುವುದು ತಪ್ಪು. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪುಗಳಿರುತ್ತವೆ. ಹಿಂಡಿದ ನೀರು ಚಹಾದ ಬಣ್ಣ ಬಿಡುವುದು ನಿಲ್ಲುವವರೆಗೆ ಮೂರು ನಾಲ್ಕು ಸಲ ತೊಳೆಯಬೇಕು. ಉಪ್ಪು ಉಳಿದಿದ್ದರೆ ಬೀಜ ಮೊಳೆತರೂ ಬೇರಿನ ತುದಿ ಸುಟ್ಟಂತೆ ಕಂದಾಗುತ್ತದೆ, ಮೇಲಿನಿಂದ ನೋಡಿದವರಿಗೆ ಮತ್ತದೇ "ಹುಟ್ಟಲಿಲ್ಲ". ಎರೆಗೊಬ್ಬರ ಸೇರಿಸಲೇಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಜಿನ್ನಿಯಾ, ಚೆಂಡುಹೂವಿಗೆ ಜರಡಿ ಹಿಡಿದದ್ದನ್ನು ಹತ್ತರಲ್ಲೊಂದು ಪಾಲು ಹಾಕಿದರೆ ತಡೆಯುತ್ತವೆ. ಪೆಟೂನಿಯಾ, ಬಿಗೋನಿಯಾಕ್ಕೆ ನನ್ನ ಪ್ರಕಾರ ಬೇಡವೇ ಬೇಡ. ಹುಟ್ಟುವ ಬೀಜಕ್ಕೆ ಗೊಬ್ಬರ ಬೇಕಿಲ್ಲ, ಹಸಿ ಗೊಬ್ಬರದ ಜೊತೆ ಬರುವ ಸೊಳ್ಳೆಯಂಥ ಕಪ್ಪು ನೊಣದ ಮರಿಹುಳುಗಳಿಗೆ ಎಳೆ ಬೇರು ಎಂದರೆ ಪ್ರಾಣ.

ಹದ ನೋಡುವುದು ಕೈಯಿಂದಲೇ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಿಸಿ ನಿಲ್ಲಬೇಕು. ಮುಷ್ಟಿ ಬಿಟ್ಟಾಗ ಉಂಡೆ ನಿಂತಿರಬೇಕು, ಬೆರಳು ತಾಗಿಸಿದರೆ ಉದುರಬೇಕು. ಧಾರೆಯಾಗಿ ನೀರು ಇಳಿದರೆ ಅದರಲ್ಲಿ ಗಾಳಿ ಉಳಿದಿಲ್ಲ.

ಒಂದೇ ರಾತ್ರಿಯಲ್ಲಿ

ಮೂರನೆಯ ಸೋಲು ಎಲ್ಲಕ್ಕಿಂತ ಹೆಚ್ಚು ನೋಯಿಸುವಂಥದ್ದು. ಆಸ್ಟರ್ ಸಸಿಗಳ ಒಂದು ಟ್ರೇಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಿಂದಿನ ಸಂಜೆ ಎರಡೆರಡು ಎಲೆ ಬಿಚ್ಚಿ ಹಸಿರು ಹಾಸು ಹಾಸಿದಂತಿತ್ತು. ಬೆಳಗ್ಗೆ ಹಾಸಿನ ಒಂದು ಮೂಲೆಯಲ್ಲಿ ರೂಪಾಯಿ ಅಗಲದ ವೃತ್ತ ಮಲಗಿದೆ. ಎಲೆಗಳಿನ್ನೂ ಹಸಿರಾಗಿವೆ, ಬಾಡಿಲ್ಲ. ಕಾಂಡ ಮಾತ್ರ ಮಣ್ಣು ತಾಗುವ ಜಾಗದಲ್ಲಿ ನೀರು ಕುಡಿದಂತೆ ಕಂದಾಗಿ, ಬೆರಳಲ್ಲಿ ಹಿಸುಕಿದ ದಾರದಂತೆ ತೆಳ್ಳಗಾಗಿದೆ. ಮಧ್ಯಾಹ್ನದ ಹೊತ್ತಿಗೆ ವೃತ್ತ ಅಂಗೈ ಅಗಲವಾಗುತ್ತದೆ. ಹತ್ತಿರದಿಂದ ನೋಡಿದರೆ ಬಿದ್ದ ಸಸಿಗಳ ನಡುವೆ ಜೇಡರ ಬಲೆಯಂಥ ಎಳೆಗಳು ಕಂಡರೂ ಕಾಣಬಹುದು. ಇದೇ ಸಸಿ ಸಾಯುವ ರೋಗ, ಡ್ಯಾಂಪಿಂಗ್ ಆಫ್.

ಇದಕ್ಕೆ ಕಾರಣ ಒಂದೇ ಜೀವಿಯಲ್ಲ. ಪಿಥಿಯಂ, ಫೈಟಾಫ್ತೋರಾ ಒಂದು ಗುಂಪು, ರೈಜಾಕ್ಟೋನಿಯಾ, ಫ್ಯುಸೇರಿಯಂ ಇನ್ನೊಂದು. ಮೊದಲ ಗುಂಪಿನವು ನಿಜವಾದ ಶಿಲೀಂಧ್ರಗಳೇ ಅಲ್ಲ. ನೀರಿನಲ್ಲಿ ಈಜಬಲ್ಲ ಬೀಜಕಣಗಳಿರುವ ಬೇರೆ ವಂಶ. ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಹಾಕಿದರೂ ಸಸಿ ಸಾಯುವುದು ನಿಲ್ಲಲಿಲ್ಲ ಎಂದು ದೂರುವವರು ಇದನ್ನು ಗಮನಿಸಬೇಕು: ಆ ಔಷಧಿ ಪಿಥಿಯಂ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಮೆಟಲಾಕ್ಸಿಲ್ ಎಂಬ ಇನ್ನೊಂದು ಔಷಧಿ ಪಿಥಿಯಂ ಮೇಲೆ ಕೆಲಸ ಮಾಡುತ್ತದೆ, ರೈಜಾಕ್ಟೋನಿಯಾ ಮೇಲೆ ಮಾಡುವುದಿಲ್ಲ. ಯಾವುದನ್ನು ಹಾಕಿದರೂ ಬಿದ್ದ ಸಸಿ ಮತ್ತೆ ಏಳುವುದಿಲ್ಲ. ವೃತ್ತದ ಸುತ್ತ ಎರಡು ಬೆರಳು ಆರೋಗ್ಯವಾಗಿರುವ ಜಾಗವನ್ನೂ ಸೇರಿಸಿ ಚಮಚದಿಂದ ಕೆತ್ತಿ ತೆಗೆದು, ಮುಚ್ಚಳ ತೆರೆದು, ನೀರು ನಿಲ್ಲಿಸಿ, ಗಾಳಿ ಆಡಲು ಬಿಟ್ಟರೆ ಉಳಿದರ್ಧ ಬದುಕುವ ಅವಕಾಶವಿದೆ.

ಮೊದಲೇ ತಡೆಯುವುದು ಸುಲಭ. ಹಳೆಯ ಟ್ರೇಗಳನ್ನು ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅರ್ಧ ಗಂಟೆ ಮುಳುಗಿಸಿ, ತೊಳೆದು ಒಣಗಿಸಿ. ಒಮ್ಮೆ ಬಿತ್ತಿದ ಮಿಶ್ರಣದಲ್ಲಿ ಮತ್ತೆ ಬಿತ್ತಬೇಡಿ, ಅದು ದೊಡ್ಡ ಕುಂಡಗಳಿಗೆ ಹೋಗಲಿ. ದಟ್ಟವಾಗಿ ಬಿತ್ತಬೇಡಿ, ಆಸ್ಟರ್, ಸ್ನ್ಯಾಪ್‌ಡ್ರ್ಯಾಗನ್ ಸಸಿಗಳು ಒಂದಕ್ಕೊಂದು ತಾಗಿ ನಿಂತಾಗ ಬುಡದ ತೇವ ಆರುವುದೇ ಇಲ್ಲ. ನೀರು ಬೆಳಗ್ಗೆ ಮಾತ್ರ, ಸಂಜೆಯೊಳಗೆ ಮೇಲ್ಮೈ ಆರಿರಬೇಕು. ಬಿತ್ತುವ ಮೊದಲೇ ಮಿಶ್ರಣಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಸೇರಿಸಿದರೆ ಕೊಂಚ ರಕ್ಷಣೆ ಸಿಗುತ್ತದೆ, ಒದ್ದೆ ಮುದ್ದೆಯಾದ ಟ್ರೇಯನ್ನು ಅದೂ ಕಾಪಾಡಲಾರದು. ಎಲ್ಲಕ್ಕಿಂತ ಹೆಚ್ಚಾಗಿ, ಅರ್ಧದಷ್ಟು ಬೀಜ ಹುಟ್ಟಿದ ದಿನ ಪಾರದರ್ಶಕ ಮುಚ್ಚಳ ತೆಗೆಯುವ ಧೈರ್ಯ ಬೇಕು. ಉಳಿದರ್ಧವೂ ಬರಲಿ ಎಂದು ಮುಚ್ಚಿಟ್ಟುಕೊಂಡವರು ಬಂದ ಅರ್ಧವನ್ನೂ ಕಳೆದುಕೊಳ್ಳುತ್ತಾರೆ.

ಎಲೆ ಬಿಚ್ಚಿದ ಮೇಲೆ

ಬೀಜದೆಲೆ, ಎಂದರೆ ಬೀಜದೊಳಗೇ ಇದ್ದ ಮೊದಲ ಎಲೆ, ಬಿಚ್ಚಿದ ಸಸಿಗೆ ಬೇಕಾದ ಮೊದಲ ಊಟ ಬೆಳಕು. ಕಿಟಕಿಯ ಒಂದೇ ಬದಿಯ ಬೆಳಕು ಸಾಲದು, ಸಸಿ ಬಾಗಿ ನೀಳವಾಗುತ್ತದೆ. ಮನೆಯೊಳಗೇ ಬೆಳೆಸುವುದಾದರೆ ಎಲ್‌ಇಡಿ ಟ್ಯೂಬನ್ನು ಸಸಿಯ ತಲೆಯಿಂದ 10–15 ಸೆಂಟಿಮೀಟರ್ ಎತ್ತರದಲ್ಲಿ, ದಿನಕ್ಕೆ 14ರಿಂದ 16 ಗಂಟೆ. ಕೆಲವು ಸಸಿಗಳು ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತುಕೊಂಡೇ ಬರುತ್ತವೆ. ಮೇಲಿನ ಪದರ ತೆಳುವಾಗಿತ್ತು, ಇಲ್ಲವೇ ಏಳುವ ಹೊತ್ತಿಗೆ ಒಣಗಿತ್ತು ಎಂದು ತಿಳಿಯಬೇಕು. ಕಿತ್ತರೆ ಎಲೆಯೇ ಹರಿದು ಬರುತ್ತದೆ. ಎರಡು ಮೂರು ಸಲ ತೇವ ಮಾಡಿ ಒಂದು ಗಂಟೆ ಬಿಟ್ಟು ಸೂಜಿಯ ತುದಿಯಿಂದ ಮೆಲ್ಲಗೆ ಜಾರಿಸಿ.

ಗೊಬ್ಬರ ಶುರು ಮಾಡುವುದು ಮೊದಲ ನಿಜ ಎಲೆ (ಬೀಜದೆಲೆಯ ನಂತರ ಬರುವುದು) ಕಂಡಾಗ. ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರದ ಪುಡಿ ಲೀಟರಿಗೆ ಒಂದು ಗ್ರಾಂ ಹಾಕಿದರೆ ಸಾರಜನಕ 190 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 190 ಪಾಲು) ಆಗುತ್ತದೆ, ಎಳೆ ಬೇರಿಗೆ ಇದು ಖಾರ. ಕಾಲು ಗ್ರಾಮಿನಿಂದ, ಎಂದರೆ 50 ಪಿಪಿಎಂನ ಹತ್ತಿರದಿಂದ ಶುರುಮಾಡಿ, ಎರಡು ಜೋಡಿ ಎಲೆ ಬಂದ ಮೇಲೆ ಅರ್ಧ ಗ್ರಾಮಿಗೆ ಏರಿಸಿದರೆ ಸಾಕು. ಸರಿಯಾಗಿ ಗೊಬ್ಬರ ಕೊಟ್ಟರೂ ಪೆಟೂನಿಯಾದ ಎಳೆಯ ಎಲೆ ನರ ಮಾತ್ರ ಹಸಿರಾಗಿ ಉಳಿದದ್ದು ಹಳದಿಯಾದರೆ, ನೀರು ಗಡಸಾಗಿದೆ, ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿದೆ, ಕಬ್ಬಿಣ ಅದರ ಕೈಗೆ ಸಿಗುತ್ತಿಲ್ಲ. ಪೆಟೂನಿಯಾ, ಪ್ಯಾನ್ಸಿಗೆ ಪಿಎಚ್ 5.4–5.8 ಹಿತ. ಚೆಂಡುಹೂವಿನದು ಇದಕ್ಕೆ ಪೂರಾ ಉಲ್ಟಾ: 6ಕ್ಕಿಂತ ಕೆಳಗಿಳಿದರೆ ಕಬ್ಬಿಣವನ್ನು ಮಿತಿಮೀರಿ ಹೀರಿ ಎಲೆಯ ತುಂಬ ಕಂಚಿನ ಬಣ್ಣದ ಚುಕ್ಕೆ ಹೊದ್ದುಕೊಳ್ಳುತ್ತದೆ. ಇವೆರಡನ್ನೂ ಒಂದೇ ಟ್ರೇಯಲ್ಲಿ ಬೆಳೆಸಿ ಒಂದೇ ನೀರು ಕೊಡುವವರು ಎರಡರಲ್ಲಿ ಒಂದು ಏಕೆ ಸೊರಗುತ್ತದೆ ಎಂದು ತಲೆಕೆಡಿಸಿಕೊಳ್ಳುತ್ತಾರೆ.

ಬಿಡಿಸಿ ನೆಡುವುದು ಒಂದು ಜೋಡಿ ನಿಜ ಎಲೆ ಬಂದಾಗ. ಸಸಿಯನ್ನು ಹಿಡಿಯಬೇಕಾದ್ದು ಬೀಜದೆಲೆಯಲ್ಲಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಾದರೆ ಸಸಿಗೆ ಬೇರೆ ಕಾಂಡವಿಲ್ಲ. ಪೆನ್ಸಿಲ್‌ನಿಂದ ಕೆಳಗಿನಿಂದ ಮೀಟಿ ಎತ್ತಿ, ಹೊಸ ಕುಳಿಯಲ್ಲಿ ಬೇರು ಮಡಚದಂತೆ ಇಳಿಬಿಡಿ. ಪಾಪಿ, ಲಾರ್ಕ್‌ಸ್ಪರ್, ನೈಜೆಲಾಗಳಿಗೆ ಈ ಕಾಟ ಬೇಡ, ಬೆಳೆಯುವ ಜಾಗದಲ್ಲೇ ಬಿತ್ತಿ ತೆಳುಗೊಳಿಸಿ. ಹೊರಗಿಡುವ ಮೊದಲು ಏಳರಿಂದ ಹತ್ತು ದಿನ ಒಗ್ಗಿಸಬೇಕು: ಮೊದಲ ದಿನ ಎಳೆ ಬಿಸಿಲು ಒಂದು ಗಂಟೆ, ಆಮೇಲೆ ದಿನಕ್ಕೊಂದು ಗಂಟೆ ಹೆಚ್ಚು, ನೀರು ಸ್ವಲ್ಪ ಕಡಿಮೆ.

ಕುಡಿ ಚಿವುಟುವ ವಿಷಯದಲ್ಲಿ ಎಲ್ಲವನ್ನೂ ಚಿವುಟುವ ಅಭ್ಯಾಸ ಬಿಡಬೇಕು. ಸ್ನ್ಯಾಪ್‌ಡ್ರ್ಯಾಗನ್, ಜಿನ್ನಿಯಾ, ಕಾಸ್ಮಾಸ್, ಎತ್ತರದ ಚೆಂಡುಹೂಗಳನ್ನು ಮೂರು ನಾಲ್ಕು ಜೋಡಿ ಎಲೆ ಬಂದಾಗ ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ. ಒಂದೇ ತೆನೆಯಾಗಿ ಅರಳುವ ಸ್ಟಾಕ್ ಎಂಬ ಹೂಗಿಡ, ಕೋಳಿಜುಟ್ಟು, ಕರ್ಣಕುಂಡಲಗಳ ಚೆಲುವೆಲ್ಲ ನಡುಗಾಂಡದ್ದೇ. ಅದನ್ನು ಚಿವುಟಿದರೆ ಉಳಿಯುವುದು ಬರೀ ಸೊಪ್ಪು.

ಮನೆಯ ಬೀಜ, ಉಳಿದ ಪೊಟ್ಟಣ

ಹೂ ಚೆನ್ನಾಗಿ ಬಂತು, ಅದೇ ಗಿಡದ ಬೀಜ ಎತ್ತಿಡೋಣ ಎನಿಸುವುದು ಸಹಜ. ಸ್ವೀಟ್ ಪೀ ಮೊಗ್ಗು ಅರಳುವ ಮೊದಲೇ ತನ್ನಷ್ಟಕ್ಕೆ ಪರಾಗಸ್ಪರ್ಶ ಮುಗಿಸುವುದರಿಂದ ತಾಯಿಯಂತೆಯೇ ಬರುತ್ತದೆ. ಜಿನ್ನಿಯಾ, ಕಾಸ್ಮಾಸ್ ಜೇನುಹುಳು, ಚಿಟ್ಟೆಗಳ ಕೈಯಲ್ಲಿ ಬೆರೆಯುತ್ತವೆ, ಬಣ್ಣ ಏನು ಬೇಕಾದರೂ ಆಗಬಹುದು. ಎಫ್1 ತಳಿಯ (ಎರಡು ಶುದ್ಧ ತಳಿಗಳನ್ನು ಅಡ್ಡಹಾಯಿಸಿ ಪಡೆದ ಮೊದಲ ತಲೆಮಾರಿನ) ಗಿಡದಿಂದ ಎತ್ತಿದ ಬೀಜ ಮುಂದಿನ ತಲೆಮಾರಿನಲ್ಲಿ ತಾಯಿಯಂತೆ ಬರದೆ ಚದುರುತ್ತದೆ. ದೊಡ್ಡ ಆಫ್ರಿಕನ್ ಚೆಂಡುಹೂವಿಗೂ ಗಿಡ್ಡ ಫ್ರೆಂಚ್ ಚೆಂಡುಹೂವಿಗೂ ಅಡ್ಡಹಾಯಿಸಿದ ತ್ರಿಗುಣಿತ (ಮೂರು ಕಟ್ಟು ವರ್ಣತಂತುಗಳಿರುವ) ತಳಿಗಳಂತೂ ಬಂಜೆ. ಬೀಜ ಕಟ್ಟುವ ಭಾರವಿಲ್ಲದ್ದರಿಂದಲೇ ಅವು ಅಷ್ಟು ದಿನ ಹೂ ಬಿಡುತ್ತವೆ. ಸುತ್ತೆಸಳಿನ ಸ್ಟಾಕ್ ಹೂವಿನಲ್ಲೂ ಬೀಜವಿರುವುದಿಲ್ಲ. ಬೀಜ ಸಿಗುವುದು ಪಕ್ಕದಲ್ಲಿ ನಿಂತ ಒಂಟೆಸಳಿನ ಗಿಡದಲ್ಲಿ, ಅದರಿಂದ ಹುಟ್ಟುವ ಸಸಿಗಳಲ್ಲಿ ಸುಮಾರು ಅರ್ಧ ಮತ್ತೆ ಸುತ್ತೆಸಳಾಗುತ್ತವೆ. ಚಂದವಿಲ್ಲವೆಂದು ಒಂಟೆಸಳಿನ ಗಿಡಗಳನ್ನೆಲ್ಲ ಕಿತ್ತುಹಾಕಿದವರಿಗೆ ಮುಂದಿನ ವರ್ಷ ಸ್ಟಾಕ್ ಹೂವೇ ಇಲ್ಲ. ಕರ್ಣಕುಂಡಲದ ಕಾಯಿ ಮಾಗಿದಾಗ ಮುಟ್ಟಿದರೆ ಸಿಡಿಯುತ್ತದೆ, ತಿಳಿ ಹಳದಿಗೆ ತಿರುಗುವಾಗಲೇ ತೆಳುಬಟ್ಟೆಯ ಚೀಲ ಕಟ್ಟಿ.

ಬೀಜಗಳ ಆಯಸ್ಸಿಗೆ ಬೀಜವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ಲೆಕ್ಕವೊಂದಿದೆ: ಬೀಜದ ತೇವಾಂಶ ಶೇ. 1 ಇಳಿದರೆ ಆಯಸ್ಸು ಎರಡು ಪಟ್ಟು, ಇಟ್ಟ ಜಾಗದ ಉಷ್ಣತೆ 5 ಡಿಗ್ರಿ ಇಳಿದರೆ ಮತ್ತೆ ಎರಡು ಪಟ್ಟು. ತೇವಾಂಶ ಶೇ. 5ರಿಂದ 14ರೊಳಗೆ ಇದ್ದಾಗ ಈ ಲೆಕ್ಕ ನಡೆಯುತ್ತದೆ. ಮೊದಲು ಒಣಗಿಸಬೇಕು, ಆಮೇಲೆ ತಣ್ಣಗಿಡಬೇಕು. ಈ ಸರದಿ ತಪ್ಪಬಾರದು. ಒದ್ದೆ ಬೀಜವನ್ನು ಫ್ರಿಜ್ಜಿಗೆ ಹಾಕಿದರೆ ಬೂಸಲು ಹಿಡಿಯುತ್ತದೆ. ನೆರಳಿನಲ್ಲಿ ವಾರವೆರಡು ವಾರ ಒಣಗಿಸಿ, ಕಾಗದದ ಪೊಟ್ಟಣಗಳನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಬಿಗಿ ಮುಚ್ಚಳದ ಗಾಜಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿ ಫ್ರಿಜ್ಜಿಗೆ. ಹೊರತೆಗೆದಾಗ ಕೂಡಲೇ ಮುಚ್ಚಳ ತೆರೆಯಬೇಡಿ, ಕೋಣೆಯ ಬಿಸಿಗೆ ಬರುವವರೆಗೆ ಬಿಡಿ. ಇಲ್ಲದಿದ್ದರೆ ಗಾಳಿಯ ತೇವವೆಲ್ಲ ತಣ್ಣನೆಯ ಬೀಜದ ಮೇಲೆ ಹನಿಗಟ್ಟುತ್ತದೆ.

ಹಾಗೆ ಇಟ್ಟರೂ ಆಸ್ಟರ್, ಫ್ಲಾಕ್ಸ್, ಸಾಲ್ವಿಯಾ, ವರ್ಬಿನಾ ಬೀಜಗಳನ್ನು ವರ್ಷದೊಳಗೆ ಬಿತ್ತಿಬಿಡುವುದು ಲೇಸು. ಜಿನ್ನಿಯಾ, ಸ್ವೀಟ್ ಪೀ ಹಲವು ವರ್ಷ ತಡೆಯುತ್ತವೆ. ಅನುಮಾನವಿದ್ದ ಪೊಟ್ಟಣದಿಂದ ಹತ್ತು ಬೀಜ ಎಣಿಸಿ, ಒದ್ದೆ ಮಾಡಿ ಹಿಂಡಿದ ಟಿಶ್ಯೂ ಕಾಗದದ ಮೇಲೆ ಸಾಲಾಗಿ ಇಟ್ಟು, ಮಡಚಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದ ಮೇಲೆ ಹೆಸರನ್ನೂ ತಾರೀಕನ್ನೂ ಬರೆದಿಡಿ. ಆ ಹೂವಿಗೆ ಹೇಳಿದ ದಿನಗಳು ಮುಗಿದಾಗ ಬಿಡಿಸಿ ಎಣಿಸಿ. ಆರು ಮೊಳೆತಿದ್ದರೆ ಕುಳಿಗೆ ಎರಡೆರಡು ಬೀಜ ಹಾಕಿ, ಹೆಚ್ಚಾಗಿ ಬಂದದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ, ಕೀಳಬೇಡಿ. ಎರಡೇ ಮೊಳೆತಿದ್ದರೆ ಕುಳಿ ಬೇಡ; ಅಗಲದ ತಟ್ಟೆಯಲ್ಲಿ ಪೂರ್ತಿ ಪೊಟ್ಟಣವನ್ನೇ ತೆಳುವಾಗಿ ಚೆಲ್ಲಿ, ಹುಟ್ಟಿದ್ದನ್ನು ಒಂದೊಂದಾಗಿ ಎತ್ತಿ ನೆಡಿ. ಟಿಶ್ಯೂ ಮೇಲೆ ಮೊಳೆತ ಆ ಎರಡನ್ನೂ ಎಸೆಯಬೇಡಿ. ಬೇರು ಕಾಗದದೊಳಗೆ ಹೊಕ್ಕಿದ್ದರೆ ಬಿಡಿಸಲು ಹೋಗದೆ, ಸುತ್ತಲಿನ ಕಾಗದದ ತುಂಡಿನ ಸಮೇತ ಕತ್ತರಿಸಿ ಹಾಗೆಯೇ ಮಿಶ್ರಣದಲ್ಲಿ ಇಳಿಸಿದರೆ ಅವೂ ಬರುತ್ತವೆ.